ಭರ್ತಿಗೆ ಮುನ್ನ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬಹುದೆ?

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯವನು, ವಯಸ್ಸು 19. ಬಿ.ಎ. ಎರಡನೆಯ ವರ್ಷ ಓದುತ್ತಾ ಅಗ್ನಿವೀರ್ ಭರ್ತಿಗೂ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ ತಯಾರಿ ನಡೆಸಿದ್ದೇನೆ. ಬರುವ ಜಾತ್ರೆಯಲ್ಲಿ ಬಲ ತೋಳಿನ ಮೇಲೆ ಬಣ್ಣದ ತ್ರಿಶೂಲವನ್ನೂ ಅದರ ಕೆಳಗೆ ನಾನು ಪ್ರೀತಿಸುವ ಹುಡುಗಿಯ ಹೆಸರನ್ನೂ ಹಚ್ಚೆ ಹಾಕಿಸಿಕೊಳ್ಳಬೇಕೆಂದಿದ್ದೇನೆ. ನನ್ನ ಗೆಳೆಯ ಕಳೆದ ತಿಂಗಳು ಇನ್ನೊಂದು ಜಾತ್ರೆಯಲ್ಲಿ ತೋಳಿನ ಮೇಲೆ ಹಾಕಿಸಿಕೊಂಡಿದ್ದಾನೆ. ಇದರಿಂದ ನೌಕರಿ ಸಿಗುವುದಿಲ್ಲವೆಂದು ಅಪ್ಪ ಹೇಳುತ್ತಾರೆ. ಆದರೆ ನಮ್ಮ ಅಜ್ಜಿಯ ಮುಂಗೈ ತುಂಬ ಹಚ್ಚೆಯಿದೆ, ಅವರಿಗೆ ಏನೂ ಆಗಿಲ್ಲ. ಬೇಡವೆನಿಸಿದರೆ ಲೇಸರ್‌ನಿಂದ ತೆಗೆಸಬಹುದಂತೆ. ತಮ್ಮ ಸಲಹೆ ಏನು?

ಉತ್ತರ: ಬಲ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಡಿ. ನೀವು ತಯಾರಿ ನಡೆಸಿರುವ ಎರಡೂ ನೌಕರಿಗಳಿಗೆ ಆ ಜಾಗದ ಹಚ್ಚೆ ಅಡ್ಡಿಯಾಗುತ್ತದೆ, ಮತ್ತು ಹಾಗೆ ಬಂದ ಅಡ್ಡಿಯನ್ನು ಲೇಸರ್ ಚಿಕಿತ್ಸೆಯಿಂದ ಸಕಾಲದಲ್ಲಿ ನಿವಾರಿಸಬಹುದೆಂಬ ಭರವಸೆಯನ್ನು ಚರ್ಮರೋಗ ವೈದ್ಯನಾಗಿ ನಾನು ಕೊಡಲಾರೆ. ಹಚ್ಚೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೈನ್ಯವೂ ಹಾಗೆ ಹೇಳುವುದಿಲ್ಲ. ಹಚ್ಚೆ ದೇಹದ ಯಾವ ಭಾಗದಲ್ಲಿದೆ, ಎಷ್ಟು ದೊಡ್ಡದಿದೆ, ಏನನ್ನು ಬರೆಸಿದ್ದೀರಿ, ಯಾವಾಗ ಮತ್ತು ಯಾರ ಕೈಯಲ್ಲಿ ಬರೆಸಿದ್ದೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ನಿಯಮ. ಭೂಸೇನೆಯ ಭರ್ತಿ ಅಧಿಸೂಚನೆಗಳಲ್ಲಿ ಹಚ್ಚೆಗಾಗಿಯೇ ಒಂದು ಪ್ರತ್ಯೇಕ ಕಲಮು ಇರುತ್ತದೆ. ಅದರ ಪ್ರಕಾರ ಶಾಶ್ವತ ಹಚ್ಚೆಗೆ ಅನುಮತಿ ಇರುವುದು ಎರಡೇ ಜಾಗಗಳಲ್ಲಿ: ಮೊಣಕೈಯ ಒಳಭಾಗದಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಮೈ, ಮತ್ತು ಅಂಗೈಯ ಹಿಂಭಾಗ. ದೇಹದ ಬೇರೆಲ್ಲೇ ಹಚ್ಚೆ ಇದ್ದರೂ ಅಭ್ಯರ್ಥಿಯನ್ನು ಮುಂದಿನ ಆಯ್ಕೆಗೆ ಪರಿಗಣಿಸುವುದಿಲ್ಲ. ಸಂಪ್ರದಾಯದಂತೆ ಮುಖ ಅಥವಾ ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟು ಸಮುದಾಯಗಳ ಅಭ್ಯರ್ಥಿಗಳಿಗೆ ಮಾತ್ರ ವಿನಾಯಿತಿಯಿದೆ, ಅದನ್ನೂ ಒಂದೊಂದು ಪ್ರಕರಣವಾಗಿ ಪರಿಶೀಲಿಸುತ್ತಾರೆ. ನೀವು ಆರಿಸಿಕೊಂಡಿರುವ ತೋಳು, ಅಂದರೆ ಮೊಣಕೈಯಿಂದ ಭುಜದವರೆಗಿನ ಭಾಗ, ಅನುಮತಿಯ ಗೆರೆಯಿಂದ ಆಚೆಗಿದೆ. ವಾಯುಸೇನೆ ಮತ್ತು ನೌಕಾಸೇನೆಗಳ ನಿಯಮಗಳೂ ಬಹುಮಟ್ಟಿಗೆ ಇದೇ ರೀತಿ ಇವೆ.

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ ಮೊದಲಾದ ಪಡೆಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದಾಗಿದೆ. ಹೀಗಾಗಿ ನಿಮ್ಮಂತಹ ಅನೇಕರಿಗೆ ಆ ಬಾಗಿಲು ಮೊದಲಿಗಿಂತ ಹತ್ತಿರವಾಗಿದೆ. ಆದರೆ ಹಚ್ಚೆಯ ವಿಷಯದಲ್ಲಿ ಈ ಪಡೆಗಳು ಭೂಸೇನೆಗಿಂತ ಒಂದು ಹೆಜ್ಜೆ ಹೆಚ್ಚು ಕಟ್ಟುನಿಟ್ಟು. ಮುಂಗೈಯ ಒಳಭಾಗದಲ್ಲಿ ಹಚ್ಚೆ ಇರಬಹುದು, ಆದರೆ ಅದು ಎಡ ಮುಂಗೈಯಲ್ಲಿ ಮಾತ್ರ ಇರಬೇಕು, ಏಕೆಂದರೆ ಬಲಗೈ ಸೆಲ್ಯೂಟ್ ಮಾಡುವ ಕೈ. ಅಂಗೈಗಳ ಹಿಂಭಾಗದಲ್ಲಿ ಇರಬಹುದು. ಗಾತ್ರವು ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಧಾರ್ಮಿಕ ಚಿಹ್ನೆ ಅಥವಾ ಹೆಸರು ಇರುವುದಕ್ಕೆ ಆಕ್ಷೇಪವಿಲ್ಲ. ತ್ರಿಶೂಲವಾಗಲಿ ಹುಡುಗಿಯ ಹೆಸರಾಗಲಿ ನಿಯಮದ ದೃಷ್ಟಿಯಲ್ಲಿ ತಪ್ಪಲ್ಲವೆಂಬುದನ್ನು ಗಮನಿಸಿ. ತಪ್ಪಾಗಿರುವುದು ನೀವು ಆಯ್ದ ಜಾಗ.

ಅಂಗಿಯ ತೋಳಿನೊಳಗೆ ಅಡಗುತ್ತದೆ, ಯಾರಿಗೆ ಕಾಣುತ್ತದೆ ಎಂದು ನೀವು ಕೇಳಬಹುದು. ವೈದ್ಯಕೀಯ ತಪಾಸಣೆಯಲ್ಲಿ ಅಭ್ಯರ್ಥಿಯು ಒಳಚಡ್ಡಿಯಲ್ಲಿ ನಿಲ್ಲಬೇಕಾಗುತ್ತದೆ. ಕೈಗಳನ್ನು ಮುಂದೆ ಚಾಚಿಸಿ, ಮೇಲೆತ್ತಿಸಿ, ತಿರುಗಿಸಿ, ಬೆನ್ನಿನಿಂದ ಪಾದದವರೆಗೆ ಚರ್ಮವನ್ನು ನೋಡುತ್ತಾರೆ. ಭೂಸೇನೆಯ ಭರ್ತಿಯಲ್ಲಿ ಹಚ್ಚೆಯ ಬಗ್ಗೆ ಸ್ವಯಂ ಘೋಷಣೆಯನ್ನೂ ಬರೆಸಿಕೊಳ್ಳುತ್ತಾರೆ. ಬಟ್ಟೆಯ ಮರೆ ಅಲ್ಲಿ ನಡೆಯುವುದಿಲ್ಲ, ಸುಳ್ಳು ಘೋಷಣೆ ಬರೆದುಕೊಡುವುದು ಹಚ್ಚೆಗಿಂತ ದೊಡ್ಡ ತೊಂದರೆಗೆ ದಾರಿ. ನನಗೆ ಸಂಕಟವಾಗುವುದು ಈ ತಪಾಸಣೆ ಬರುವ ಹಂತವನ್ನು ನೆನೆದಾಗ. ಲಿಖಿತ ಪರೀಕ್ಷೆಯಲ್ಲಿ ಗೆದ್ದು, ಓಟ ಮುಗಿಸಿ, ಎದೆಯಳತೆ ಕೊಟ್ಟು, ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಓಡಿದ ಹುಡುಗ ಕೊನೆಗೆ ಬಂದು ನಿಲ್ಲುವುದು ಈ ಕೋಣೆಯಲ್ಲಿ. ಮನೆಯವರು ಸಿಹಿ ಹಂಚುವ ಯೋಚನೆಯಲ್ಲಿರುವಾಗ ಮೂರಂಗುಲದ ಮಸಿಯ ಗುರುತಿನಿಂದ ವಾಪಸಾದ ಹುಡುಗರು ನಮ್ಮ ಬಳಿಗೆ ಬರುತ್ತಾರೆ. ಹೈಕೋರ್ಟಿಗೆ ಹೋಗಿ, ಹಚ್ಚೆ ತೆಗೆಸಿಕೊಂಡು, ಮರುತಪಾಸಣೆಯ ಅವಕಾಶ ಪಡೆದವರೂ ಇದ್ದಾರೆ. ಆದರೆ ವಕೀಲರ ಶುಲ್ಕ, ದಿನಾಂಕದ ಮೇಲೆ ದಿನಾಂಕ, ಅಷ್ಟರಲ್ಲಿ ಮೀರಿಹೋಗಬಹುದಾದ ವಯೋಮಿತಿ ಇವನ್ನೆಲ್ಲ ಲೆಕ್ಕ ಹಾಕಿದರೆ, ಅದನ್ನು ಒಂದು ಮಾರ್ಗವೆಂದು ಮೊದಲೇ ನೆಚ್ಚಿಕೊಳ್ಳುವುದು ವಿವೇಕವಲ್ಲ.

ಬೇರೆ ಉದ್ಯೋಗಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂದು ಹಚ್ಚೆಯನ್ನು ಯಾರೂ ಕೇಳುವುದಿಲ್ಲ. ವಿಮಾನದ ಗಗನಸಖಿಯರು ಮತ್ತು ಗಗನಸಖರಂತಹ ಸಮವಸ್ತ್ರದ ಕೆಲಸಗಳಲ್ಲಿ ಬಟ್ಟೆಯ ಹೊರಗೆ ಕಾಣುವ ಹಚ್ಚೆ ಸಾಮಾನ್ಯವಾಗಿ ಒಪ್ಪಿತವಲ್ಲ. ಎಲ್ಲೇ ಅರ್ಜಿ ಹಾಕಿದರೂ ಆ ವರ್ಷದ ಅಧಿಸೂಚನೆಯನ್ನು ನೀವೇ ಪೂರ್ತಿ ಓದಿ. ಕೋಚಿಂಗ್ ಸೆಂಟರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸಾರಾಂಶವನ್ನು ನಂಬಿ ಕೂರಬೇಡಿ.

ಇನ್ನು ಲೇಸರ್ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ವಯಸ್ಸಿನವರ ಧೈರ್ಯವೆಲ್ಲ ಈ ಒಂದು ಮಾತಿನ ಮೇಲೆ ನಿಂತಿರುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಹಚ್ಚೆಯ ಸೂಜಿ ಮಸಿಯನ್ನು ಚರ್ಮದ ಮೇಲ್ಪದರದಲ್ಲಿ ಬಿಡುವುದಿಲ್ಲ. ಆ ಪದರ ವಾರಗಳಲ್ಲಿ ಕಳಚಿ ಹೊಸದಾಗುತ್ತದೆ, ಅಲ್ಲಿ ಮಸಿ ನಿಲ್ಲಲಾರದು. ಸೂಜಿ ಅದನ್ನು ದಾಟಿ, ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಮಸಿಯನ್ನು ಇಳಿಸುತ್ತದೆ. ಅಲ್ಲಿರುವ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಈ ಹೊರಗಿನ ಕಣಗಳನ್ನು ನುಂಗಿ, ಜೀರ್ಣಿಸಲಾಗದೆ, ಒಳಗೇ ಹಿಡಿದುಕೊಂಡು ಕೂರುತ್ತವೆ. ಆ ಕೋಶಗಳು ಸತ್ತಾಗ ಮಸಿ ಹೊರಬೀಳುತ್ತದೆ, ಪಕ್ಕದ ಹೊಸ ಕೋಶಗಳು ಅದನ್ನು ಮತ್ತೆ ನುಂಗುತ್ತವೆ. ನೀವು ಓಟಗಾರರಾದ್ದರಿಂದ ಹೇಳುತ್ತೇನೆ, ರಿಲೇ ಓಟದ ಬ್ಯಾಟನ್ನಿನಂತೆ ಮಸಿ ಕೈಯಿಂದ ಕೈಗೆ ಹೋಗುತ್ತದೆ, ಆದರೆ ಮೈದಾನ ಬಿಟ್ಟು ಹೊರಹೋಗುವುದಿಲ್ಲ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಮಸಿಯ ಒಂದು ಭಾಗ ದುಗ್ಧನಾಳಗಳ, ಅಂದರೆ ಅಂಗಾಂಶಗಳ ದ್ರವವನ್ನು ಒಯ್ಯುವ ಸಣ್ಣ ನಾಳಗಳ ಮೂಲಕ ಸಾಗಿ ಕಂಕುಳಿನ ದುಗ್ಧಗ್ರಂಥಿಗಳಲ್ಲಿ ಶೇಖರವಾಗುತ್ತದೆ. ಅದನ್ನಂತೂ ಯಾವ ಲೇಸರ್ ಕೂಡ ಮುಟ್ಟುವುದಿಲ್ಲ.

ಲೇಸರ್ ಕಿರಣ ಮಸಿಯನ್ನು ಒರೆಸಿ ಹಾಕುವುದಿಲ್ಲ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಅಂಶಗಳಷ್ಟು ಕಾಲ ಹೊಮ್ಮುವ ಅದರ ಮಿಡಿತ ಮಸಿಯ ಕಣಗಳನ್ನು ಒಡೆದು ಚೂರು ಮಾಡುತ್ತದೆ, ಆ ಚೂರುಗಳನ್ನು ದೇಹ ನಿಧಾನವಾಗಿ ಸಾಗಹಾಕುತ್ತದೆ. ಕಿರಣ ಬಿದ್ದ ಕೂಡಲೇ ಆ ಜಾಗ ಚಟ್ ಎಂಬ ಸಣ್ಣ ಸದ್ದಿನೊಂದಿಗೆ ಬೆಳ್ಳಗಾಗುತ್ತದೆ. ಕೆಲವು ನಿಮಿಷಗಳಲ್ಲಿ ಆ ಬಿಳುಪು ಇಳಿದು, ಸುತ್ತ ಕೆಂಪಾಗಿ ಊದಿಕೊಳ್ಳುತ್ತದೆ, ಮರುದಿನ ಗುಳ್ಳೆಗಳೂ ಏಳಬಹುದು. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ವಾರ ಬಿಡಬೇಕು. ಸ್ಟುಡಿಯೋದಲ್ಲಿ ದಟ್ಟವಾಗಿ ತುಂಬಿಸಿದ ಕಪ್ಪು ಹಚ್ಚೆಗೆ ಆರರಿಂದ ಹತ್ತು ಸರದಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಅಂದರೆ ಸುಮಾರು ಏಳು ತಿಂಗಳಿಂದ ಒಂದೂವರೆ ವರ್ಷದವರೆಗೆ ಹಿಡಿಯುತ್ತದೆ. ಹಾಕಿಸಿಕೊಳ್ಳಲು ಕೊಟ್ಟ ಹಣದ ಹಲವು ಪಟ್ಟು ತೆಗೆಸಲು ಖರ್ಚಾಗುತ್ತದೆ. ಕಪ್ಪು ಮಸಿ ಲೇಸರಿಗೆ ಚೆನ್ನಾಗಿ ಬಗ್ಗುತ್ತದೆ, ಹಸಿರು, ನೀಲಿ, ಹಳದಿ ಬಣ್ಣಗಳು ಹಟ ಮಾಡುತ್ತವೆ. ಬಿಳಿ ಮತ್ತು ಮೈಬಣ್ಣದ ಮಸಿಗಳು ಲೇಸರ್ ತಗುಲಿ ಕಪ್ಪಾಗಿಬಿಡುವುದೂ ಉಂಟು. ನೀವು ಬಯಸಿರುವುದು ಬಣ್ಣದ ತ್ರಿಶೂಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ನಮ್ಮ ಮೈಬಣ್ಣಕ್ಕೆ ಇನ್ನೊಂದು ತೊಡಕಿದೆ. ನಮ್ಮ ಚರ್ಮದಲ್ಲಿ ಮೈಗೆ ಕಪ್ಪು ಛಾಯೆ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು, ಲೇಸರಿನ ಬೆಳಕನ್ನು ಮಸಿಯಂತೆಯೇ ಮೆಲನಿನ್ ಕೂಡ ಹೀರಿಕೊಳ್ಳುತ್ತದೆ. ಕಪ್ಪು ಮಸಿಗೆ ಬಳಸುವ 1064 ನ್ಯಾನೋಮೀಟರ್ ತರಂಗಾಂತರದ ಕಿರಣ ಮೆಲನಿನ್ ಮೇಲೆ ಸ್ವಲ್ಪ ಸೌಮ್ಯ, ಕೆಂಪು ಮಸಿಗೆ ಬಳಸುವ 532 ನ್ಯಾನೋಮೀಟರಿನದು ಹಾಗಲ್ಲ. ಪರಿಣಾಮವಾಗಿ ಮಸಿ ಹೋದ ಜಾಗದಲ್ಲಿ ಕಪ್ಪು ಕಲೆಯೋ ಬಿಳಿ ಮಚ್ಚೆಯೋ ಉಳಿಯಬಹುದು. ಹೀಗೆ ಚಿಕಿತ್ಸೆ ಪಡೆದ ಯುವಕನೊಬ್ಬನ ತೋಳಿನಲ್ಲಿ ಮಸಿಯ ಒಂದು ಚುಕ್ಕೆಯೂ ಉಳಿದಿರಲಿಲ್ಲ, ಆದರೆ ಅಕ್ಷರಗಳಿದ್ದ ಕಡೆಯೆಲ್ಲ ಚರ್ಮ ಬಿಳುಪೇರಿ, ಬರೆದಿದ್ದ ಹೆಸರನ್ನು ಆಗಲೂ ಸಲೀಸಾಗಿ ಓದಬಹುದಾಗಿತ್ತು. ಚಿಕಿತ್ಸೆಯ ಅವಧಿಯಲ್ಲಿ ಬಿಸಿಲಿನಿಂದ ಆ ಭಾಗವನ್ನು ಕಾಪಾಡಬೇಕಾದ್ದು ಕಡ್ಡಾಯ. ದಿನವೂ ಮೈದಾನದಲ್ಲಿ ಬನಿಯನ್ ತೊಟ್ಟು ಓಡುವ ನಿಮಗೆ ಅದು ಸುಲಭವಲ್ಲ. ಇದಕ್ಕೆ ಬದಲಾಗಿ ಆ್ಯಸಿಡ್, ಸುಣ್ಣ, ಉಪ್ಪು ತಿಕ್ಕುವುದು, ಆನ್‌ಲೈನಿನಲ್ಲಿ ಸಿಗುವ ಕ್ರೀಮುಗಳನ್ನು ಹಚ್ಚುವುದು ಇತ್ಯಾದಿಗಳನ್ನು ದಯವಿಟ್ಟು ಯಾರೂ ಮಾಡಬಾರದು. ಅವು ಚರ್ಮವನ್ನು ಸುಟ್ಟು, ಹಚ್ಚೆಗಿಂತ ವಿಕಾರವಾದ ಗಾಯದ ಕಲೆಯನ್ನು ಶಾಶ್ವತವಾಗಿ ಕೊಡುತ್ತವೆ.

ಅಜ್ಜಿಯ ಮಾತು ತೆಗೆದಿದ್ದೀರಿ. ನನಗೂ ಆ ಹಚ್ಚೆಗಳ ಬಗ್ಗೆ ಅಪಾರ ಗೌರವವಿದೆ. ಕೊರವಂಜಿಯರು ಮನೆಯ ಜಗುಲಿಯ ಮೇಲೆ ಕುಳಿತು, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಕಟ್ಟಿದ ಸೂಜಿಗಳಿಂದ ಚುಚ್ಚುತ್ತಾ, ನೋವು ಮರೆಸಲು ಹಾಡುತ್ತಾ ಬರೆದ ತುಳಸಿಕಟ್ಟೆ, ರಂಗೋಲಿ, ಚೇಳುಗಳು ಒಂದು ತಲೆಮಾರಿನ ಹೆಣ್ಣುಮಕ್ಕಳ ಒಡವೆಗಳಾಗಿದ್ದವು. ಕಳ್ಳರು ಕದಿಯಲಾಗದ, ಸತ್ತಾಗಲೂ ಜೊತೆಗೇ ಹೋಗುವ ಒಡವೆಯೆಂದು ಅವರು ಹೇಳುತ್ತಿದ್ದರು. ಕಪ್ಪು ಕಾಡಿಗೆ ಅವರ ಕೈಯಲ್ಲಿ ಹಸಿರಾಗಿ ಕಾಣುವುದಕ್ಕೆ ಕಾರಣವಿದೆ: ಚರ್ಮದ ಆಳದಲ್ಲಿರುವ ಕಪ್ಪು ಕಣಗಳಿಂದ ನಮ್ಮ ಕಣ್ಣಿಗೆ ಮರಳುವ ಬೆಳಕು ಚದುರಿ, ನೀಲಿ ಹಸಿರಿನ ಛಾಯೆ ಪಡೆಯುತ್ತದೆ. ಆದರೆ ಅಜ್ಜಿಗೆ ಏನೂ ಆಗಿಲ್ಲವೆಂಬುದು ನಿಮಗೂ ಏನೂ ಆಗದೆಂಬುದಕ್ಕೆ ಆಧಾರವಾಗುವುದಿಲ್ಲ. ಅವರ ಹಚ್ಚೆಯಲ್ಲಿದ್ದದ್ದು ಬಹುಪಾಲು ಇಂಗಾಲ ಮಾತ್ರ. ಇಂದಿನ ಬಣ್ಣದ ಮಸಿಗಳಲ್ಲಿ ಅನೇಕ ಕೃತಕ ವರ್ಣದ್ರವ್ಯಗಳೂ ಲೋಹದ ಅಂಶಗಳೂ ಇರುತ್ತವೆ. ಯುರೋಪ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಮಸಿಯಲ್ಲಿನ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿತು. 2025ರ ಆರಂಭದಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಮಸಿಯಲ್ಲಿರುವ ಲೋಹಗಳ ಬಗ್ಗೆ ಆತಂಕ ವ್ಯಕ್ತಪಡಿಸಿ, ಮಾನದಂಡ ರೂಪಿಸುವಂತೆ ಕೇಂದ್ರವನ್ನು ಕೋರುವುದಾಗಿ ಹೇಳಿತು. ಹಿಂದಿನ ಕಾಲದಲ್ಲಿ ಒಂದೇ ಸೂಜಿಕಟ್ಟಿನಿಂದ ಎಷ್ಟು ಜನರಿಗೆ ಕಾಮಾಲೆ ದಾಟಿತೋ ಲೆಕ್ಕವಿಟ್ಟವರಿಲ್ಲ.

ಜಾತ್ರೆಯ ಹಚ್ಚೆಯ ಬಗ್ಗೆ ನನ್ನ ಭಯವಿರುವುದು ಇಲ್ಲಿಯೇ. ಒಮ್ಮೆ ಹತ್ತಿರ ನಿಂತು ಗಮನಿಸಿ. ಬ್ಯಾಟರಿಗೆ ಜೋಡಿಸಿದ ಯಂತ್ರ, ಒಂದು ಮುಚ್ಚಳದಲ್ಲಿ ಮಸಿ, ಒಂದು ಬಟ್ಟೆ. ಒಬ್ಬರಿಗೆ ಬರೆದಾದ ಮೇಲೆ ಸೂಜಿಯನ್ನು ನೀರಿನಲ್ಲಿ ಅದ್ದಿ, ಅದೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದೇ ಮುಚ್ಚಳದ ಮಸಿಗೆ ಅದ್ದಿ ಮುಂದಿನವರಿಗೆ ಚುಚ್ಚುತ್ತಾರೆ. ಸೂಜಿ ಬದಲಿಸಿದರೂ ಮಸಿಯ ಮುಚ್ಚಳ ಬದಲಾಗದಿದ್ದರೆ ಹಿಂದಿನವರ ರಕ್ತದ ಅಂಶ ಅಲ್ಲಿ ಉಳಿದೇ ಇರುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳಿಗೆ ಇದೊಂದು ದಾರಿ. ಇವುಗಳಲ್ಲಿ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿಯೂ ಏಳು ದಿನಗಳವರೆಗೆ ಜೀವಂತವಿರಬಲ್ಲದು. ನೀರೂ ನಿರಪಾಯಕಾರಿಯಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ 2011ರಲ್ಲಿ ಒಂದೇ ಕಡೆ ಹಚ್ಚೆ ಹಾಕಿಸಿಕೊಂಡ ಹಲವರ ಚರ್ಮದಲ್ಲಿ ಗುಳ್ಳೆಗಳೆದ್ದವು. ತನಿಖೆ ನಡೆದಾಗ, ತಯಾರಿಕೆಯ ಹಂತದಲ್ಲಿಯೇ ಬೂದುಬಣ್ಣದ ಮಸಿಗೆ ಕ್ಷಯದ ಬಳಗಕ್ಕೆ ಸೇರಿದ ಒಂದು ಬ್ಯಾಕ್ಟೀರಿಯಾ ಸೇರಿದ್ದು ಪತ್ತೆಯಾಯಿತು. ಈ ಜಾತಿಯ ಬ್ಯಾಕ್ಟೀರಿಯಾಗಳು ನೀರಿನಲ್ಲಿ ವಾಸಿಸುತ್ತವೆ, ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗುವುದಿಲ್ಲ.

ಅಲರ್ಜಿಯ ವಿಷಯದಲ್ಲಿ ಕೆಂಪು ಮಸಿಯದೇ ಹೆಚ್ಚಿನ ತಕರಾರು. ಹಾಕಿಸಿಕೊಂಡು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಕೆಂಪು ಭಾಗ ಮಾತ್ರ ಉಬ್ಬಿ ತುರಿಸತೊಡಗುತ್ತದೆ. ನಿಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಸೋರಿಯಾಸಿಸ್ ಅಥವಾ ತೊನ್ನು ಇದ್ದರೆ ಮೊದಲು ಚರ್ಮರೋಗ ತಜ್ಞರನ್ನು ಕಾಣಿ, ಏಕೆಂದರೆ ಈ ರೋಗಗಳಿರುವವರಲ್ಲಿ ಸೂಜಿ ಚುಚ್ಚಿದ ಗೆರೆಯ ಗುಂಟ ರೋಗವೇ ಮೂಡಬಹುದು. ಗಾಯವಾದಲ್ಲಿ ಚರ್ಮ ಗಂಟಾಗಿ ಬೆಳೆಯುವ ಕೆಲಾಯ್ಡ್ ಪ್ರವೃತ್ತಿ ನಮ್ಮ ಜನರಲ್ಲಿ ಕಡಿಮೆಯೇನಲ್ಲ, ಅದಕ್ಕೆ ಅತಿ ಹೆಚ್ಚು ಒಳಗಾಗುವ ಜಾಗಗಳು ಎದೆ, ಭುಜ ಮತ್ತು ತೋಳಿನ ಮೇಲ್ಭಾಗ. ಕಿವಿ ಚುಚ್ಚಿಸಿದಲ್ಲಿ ಅಥವಾ ಹಳೆಯ ಗಾಯದಲ್ಲಿ ಗಂಟು ಬೆಳೆದ ಇತಿಹಾಸ ನಿಮ್ಮ ಮನೆಯಲ್ಲಿದ್ದರೆ ಹಚ್ಚೆಯ ಯೋಚನೆಯನ್ನೇ ಬಿಡಿ.

ಹುಡುಗಿಯ ಹೆಸರಿನ ಬಗ್ಗೆ ನೀವು ಸಲಹೆ ಕೇಳಿಲ್ಲ, ಆದರೂ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಹಚ್ಚೆ ತೆಗೆಸಲು ಬರುವವರಲ್ಲಿ ಭರ್ತಿಯ ಹುಡುಗರನ್ನು ಬಿಟ್ಟರೆ ಹೆಚ್ಚಿನವರು ತೋರಿಸುವುದು ಒಂದು ಹೆಸರನ್ನು. ನಿಮ್ಮ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ಆದರೆ ಹೆಸರು ಬರೆಸುವ ಮುನ್ನ ಆ ಹುಡುಗಿಯನ್ನು ಕೇಳಿದ್ದೀರಾ? ಹಳ್ಳಿಯಲ್ಲಿ ನಿಮ್ಮ ತೋಳಿನ ಮೇಲಿನ ಹೆಸರನ್ನು ಊರೆಲ್ಲ ಓದುತ್ತದೆ, ಅದರ ಬಿಸಿ ನಿಮಗಿಂತ ಹೆಚ್ಚಾಗಿ ಅವಳಿಗೆ, ಅವಳ ಓದಿಗೆ, ಅವಳ ಮನೆಗೆ ತಟ್ಟುತ್ತದೆ. ಅವಳ ಒಪ್ಪಿಗೆಯಿಲ್ಲದೆ ಬರೆಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಭರ್ತಿಯ ಫಲಿತಾಂಶ ಬರುವವರೆಗೆ ಕಾಯಿರಿ. ಸೇವೆಗೆ ಸೇರಿದ ಮೇಲೂ ನಿಮ್ಮ ಘಟಕದ ನಿಯಮವನ್ನು ಕೇಳಿ ತಿಳಿದು ನಿರ್ಧರಿಸಿ. ಇಷ್ಟೆಲ್ಲ ಓದಿದ ಮೇಲೂ ಮೊದಲೇ ಹಾಕಿಸಿಕೊಳ್ಳಲೇಬೇಕೆಂಬ ಹಂಬಲ ಹೋಗದಿದ್ದರೆ, ಭೂಸೇನೆ ಮತ್ತು ಅರೆಸೇನಾ ಪಡೆಗಳೆರಡರ ನಿಯಮಕ್ಕೂ ಹೊಂದುವ ಜಾಗ ಎಡ ಮುಂಗೈಯ ಒಳಭಾಗ. ಅಲ್ಲಿ ಎರಡು ಅಂಗುಲ ಮೀರದ, ಕಪ್ಪು ಮಸಿಯ ಒಂದು ಸಣ್ಣ ತ್ರಿಶೂಲ ಸಾಕು. ಅದಕ್ಕೂ ಮುನ್ನ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮಕ್ಕಳ ಲಸಿಕೆ ಕಾರ್ಯಕ್ರಮದಲ್ಲಿ ಇದು ದೇಶದಾದ್ಯಂತ ಸೇರಿದ್ದು 2011ರ ಸುಮಾರಿಗೆ, ಆದ್ದರಿಂದ ನಿಮ್ಮ ವಯಸ್ಸಿನ ಅನೇಕರಿಗೆ ಶೈಶವದಲ್ಲಿ ಅದು ಸಿಕ್ಕಿಲ್ಲ. ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಹಾಕಿಸಿರದಿದ್ದರೆ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಡೋಸ್ ಬೇಕು. ಸ್ಟುಡಿಯೋದಲ್ಲಿ ನಿಮ್ಮ ಕಣ್ಣೆದುರೇ ಸೀಲು ಒಡೆದ ಹೊಸ ಸೂಜಿ, ನಿಮಗೊಬ್ಬರಿಗೇ ಸುರಿದ ಹೊಸ ಮುಚ್ಚಳದ ಮಸಿ, ಹೊಸ ಕೈಗವಸು ಇವು ಮೂರೂ ಇರಬೇಕು, ಯಾವುದಾದರೊಂದು ಇಲ್ಲದಿದ್ದರೆ ಕುರ್ಚಿಯಿಂದ ಎದ್ದು ಬನ್ನಿ. ಹಾಕಿಸಿಕೊಂಡ ದಿನದಿಂದ ಒಂದು ವರ್ಷದವರೆಗೆ ರಕ್ತದಾನ ಮಾಡುವಂತಿಲ್ಲ.

ನಿಮ್ಮ ಗೆಳೆಯ ಈಗಾಗಲೇ ಜಾತ್ರೆಯಲ್ಲಿ ಹಾಕಿಸಿಕೊಂಡಿರುವುದರಿಂದ ಅವನು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಎಚ್‌ಐವಿ ಪರೀಕ್ಷೆ ಅಲ್ಲಿನ ಆಪ್ತಸಮಾಲೋಚನಾ ಕೇಂದ್ರದಲ್ಲಿ ಉಚಿತ, ಫಲಿತಾಂಶವನ್ನು ಗುಪ್ತವಾಗಿಡುತ್ತಾರೆ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ಕೇಳಿ ಮಾಡಿಸಲಿ. ಸೋಂಕು ತಗುಲಿದ ಕೂಡಲೇ ರಕ್ತದಲ್ಲಿ ಕಾಣದಿರಬಹುದಾದ್ದರಿಂದ, ಹಚ್ಚೆ ಹಾಕಿಸಿಕೊಂಡು ಆರು ತಿಂಗಳು ತುಂಬಿದಾಗ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಅವನೂ ಭರ್ತಿಗೆ ಹೋಗುವವನಾದರೆ, ಚರ್ಮ ಪೂರ್ತಿ ಮಾಗಿದ ಮೇಲೆ, ಅಂದರೆ ಇನ್ನೊಂದು ತಿಂಗಳು ಬಿಟ್ಟು, ಜಿಲ್ಲಾಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ತೋರಿಸಲಿ. ಅವನದು ಸಣ್ಣದೂ ತೆಳುವಾದದ್ದೂ ಆಗಿದ್ದರೆ ಲೇಸರ್ ಸರದಿಗಳು ಕಡಿಮೆ ಸಾಕಾಗಬಹುದು, ತೀರಾ ಚಿಕ್ಕದಿದ್ದರೆ ಚರ್ಮದ ಆ ಭಾಗವನ್ನೇ ಕತ್ತರಿಸಿ ಹೊಲಿಗೆ ಹಾಕುವ ದಾರಿಯೂ ಇದೆ. ಮುಂದಿನ ಭರ್ತಿಗೆ ಎಷ್ಟು ತಿಂಗಳಿದೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸಬೇಕು, ಚಿಕಿತ್ಸೆಯ ಆಯ್ಕೆ ಅದನ್ನೇ ಅವಲಂಬಿಸಿರುತ್ತದೆ.